ಸಾರಥಿಯಿಲ್ಲದೆ ಆಸ್ಟ್ರಿಯಾಕ್ಕೆ ಹೋದ ಧೂಮಕಂಠಾಸುರ

ಇಂಡಿ ರೋಡ್ ಸ್ಟೇಶನ್

೧೯೭೪, ನವೆಂಬರ್ ತಿಂಗಳ ಕೊನೆಯ ಸೋಮವಾರ, ಬೆಳಗಿನ ಐದು ಗಂಟೆ. ಹಾಜರಿದ್ದವರು: ನಾನು, ಮುದ್ದೇಬಿಹಾಳದ ಮುಖವೀಣೆ ರಸೂಲಸಾಬ, ಬಸವನ ಬಾಗೇವಾಡಿಯ ಸಾರಥಿ ಗುರಪ್ಪ. ಗೈರುಹಾಜರು: ರಾಕ್ಷಸ ವೇಷದ ಸಿಂದಗಿ ಕಡೆಯ ಭೀಮನಗೌಡ ಪಾಟೀಲರು.

ಗಾಡಿ ಪ್ಲಾಟ್‌ಫಾರ್ಮಿಗೆ ಬಂದು ನಿಂತ ಮೇಲೆ ರಾಕ್ಷಸರು ಜೀಪಿನಲ್ಲಿ ಬಂದಿಳಿದರು. ಜೊತೆಗೆ ಅವರ ಊರಿನ ಅರ್ಧ ಮಂದಿ, ಕಿರೀಟ ಭುಜಕೀರ್ತಿ ತುಂಬಿದ ಕಟ್ಟಿಗೆಯ ಪೆಟ್ಟಿಗೆ ಮತ್ತು ಒಂದು ಚೀಲದ ತುಂಬ ಖಡಕ್ ರೊಟ್ಟಿ.

"ವೇಳೆ ಎಷ್ಟಾತ್ರಿ ಗೌಡ್ರ?" ಎಂದು ಕೇಳಿದೆ.

"ಗಾಡಿ ಹೋಗಿಲ್ಲಲ್ರಿ ಮಾಸ್ತರ. ಅಂದ ಮ್ಯಾಲ ವೇಳೆ ಆಗಿಲ್ಲ" ಎಂದರು.

ನನ್ನ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ನಾನು ಇಂಡಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು. ಸೀಟಿ ಊದುವುದು, ಸಾಲು ಹಚ್ಚುವುದು, ಹೆಸರು ಕೂಗುವುದು ನನ್ನ ಕೆಲಸವಾಗಿತ್ತು. ದೊಡ್ಡಾಟ ನನಗೆ ಮೊದಲಿನಿಂದಲೂ ಆಗದು. ಬೆಳತನಕ ಆಟ ನೋಡಿದ ಹುಡುಗರು ಮುಂಜಾನೆ ನನ್ನ ಕವಾಯತಿನ ಸಾಲಿನಲ್ಲಿ ನಿಂತಲ್ಲಿಯೇ ನಿದ್ದೆ ಮಾಡುತ್ತಿದ್ದರು. ಅಂಥ ನನಗೆ ದೊಡ್ಡಾಟದ ತಂಡದ ನಾಯಕತ್ವ ಬಂದದ್ದು ಹೀಗೆ: ಆಸ್ಟ್ರಿಯಾ ದೇಶದ ಒಂದು ಬೆಟ್ಟದ ಊರಿನಲ್ಲಿ ಸಾಹಿತ್ಯ, ಸಿನೆಮಾ, ನಾಟಕಗಳಲ್ಲಿ ಬರುವ ರಾಕ್ಷಸರು ಮತ್ತು ಹೊರಗಿನವರ ಬಗೆಗೆ ಒಂದು ಮೇಳ ನಡೆಯುವುದಿತ್ತು. ನಮ್ಮ ಕಡೆಯ ಒಬ್ಬ ರಾಕ್ಷಸನನ್ನು ಕಳಿಸಿರೆಂದು ಕೇಳಿದ್ದರು. ರಾಕ್ಷಸ ಕೂಡಲೇ ಸಿಕ್ಕ. ಇಂಗ್ಲಿಷ್ ಬಲ್ಲ, ಗಡಿಯಾರಕ್ಕೆ ಮರ್ಯಾದೆ ಕೊಡುವ ನಾಯಕ ಸಿಗಲಿಲ್ಲ. ಆಟದವರು ಹುಡುಕುತ್ತ ನನ್ನ ಮನೆಗೆ ಬಂದರು.

ಸೊಲ್ಲಾಪುರ ಮುಟ್ಟುವುದರೊಳಗೆ ಗುರಪ್ಪ ನನಗೆ ಆಟದ ನಿಯಮ ತಿಳಿಸಿಕೊಟ್ಟ. ಯಾವ ವೇಷವೂ ತಾನಾಗಿ ನುಗ್ಗಿ ಬಂದು ಮಾತಾಡುವಂತಿಲ್ಲ. ಮೊದಲು ಇಬ್ಬರು ಪರದೆ ಹಿಡಿಯಬೇಕು. ವೇಷ ಅದರ ಹಿಂದೆ ಕುಣಿಯಬೇಕು. ಆಗ ಸಾರಥಿ ಮುಂದೆ ಬಂದು, ತಾವು ಯಾರು, ತಮ್ಮ ಊರು ಯಾವುದು, ಬಂದ ಕಾರಣವೇನು ಎಂದು ಕೇಳಬೇಕು. ದೇವರಾಗಲಿ ರಾಕ್ಷಸನಾಗಲಿ, ಕೇಳಿದ ಮೇಲೆಯೇ ಬಾಯಿ ತೆರೆಯುವುದು.

"ಒಮ್ಮಿ ಕೇಳಿದ್ರ ಸಾಕಲ್ಲ? ಇಡೀ ರಾತ್ರಿ ಯಾಕ ಬೇಕು?" ಎಂದೆ.

"ಕೇಳೂದು ಒಂದ ಸಲರಿ ಮಾಸ್ತರ. ಗೌಡ್ರು ಹೇಳೂದು ನಿಂದರಬೇಕಲ್ರಿ" ಎಂದು ಗುರಪ್ಪ ನಕ್ಕ. ನಗುವಾಗ ಗದ್ದಕ್ಕೆ ಕೈ ಹಿಡಿದುಕೊಂಡ. ಬಾಗೇವಾಡಿಯಿಂದ ಬರುವಾಗ ಬಸ್ಸಿನ ಕಿಟಕಿಯ ಗಾಳಿ ಬಡಿದಿದೆ ಅಂದ.

ಮುಂಬಯಿ

ಅದು ಕಿಟಕಿಯ ಗಾಳಿ ಆಗಿರಲಿಲ್ಲ. ಮುಂಬಯಿಯಲ್ಲಿ ಮುಂಜಾನೆ ಎದ್ದಾಗ ಗುರಪ್ಪನ ಎರಡೂ ಗಲ್ಲ ಬಾತು ಮುಖ ಕುಂಬಳಕಾಯಿ ಆಗಿತ್ತು. ಡಾಕ್ಟರರು ಮಂಗನಬಾವು ಎಂದರು. ವಿಮಾನ ಹತ್ತಬಾರದು, ಯಾರ ಹತ್ತಿರವೂ ಕೂಡ್ರಬಾರದು ಎಂದೂ ಹೇಳಿದರು. ಊರೆಲ್ಲ ನಗಿಸುತ್ತಿದ್ದ ಸಾರಥಿಗೆ ಈಗ ತಾನೇ ನಗಲು ಬರುತ್ತಿರಲಿಲ್ಲ. ನಾವು ಅವನ ಮುಖ ನೋಡದಂತೆ ಗೋಡೆಯ ಕಡೆ ತಿರುಗಿ ಮಾತಾಡಿದೆವು. ನೋಡಿದರೆ ನಗು ಬರುತ್ತಿತ್ತು. ಅವನನ್ನು ಮುಂಬಯಿಯಲ್ಲಿದ್ದ ಅವನ ಅಕ್ಕನ ಮನೆಗೆ ಮುಟ್ಟಿಸಿದ್ದಾಯಿತು.

ವಿಮಾನ ನಿಲ್ದಾಣದಲ್ಲಿ ಭೀಮನಗೌಡರು ಪೆಟ್ಟಿಗೆಯ ಮೇಲೆ ಕುಳಿತರು. "ನಾನೂ ಊರಿಗೆ ಹೋಗ್ತೇನಿ."

"ಯಾಕ್ರಿ? ಬಾವು ಬಂದಿದ್ದು ಅವಗ."

"ಸಾರಥಿ ಇಲ್ಲಂದ್ರ ನನ್ನ ಕೇಳಾವ್ರ್ಯಾರ್ರಿ? ಯಾರೂ ಕೇಳದ ರಾಕ್ಷಸ ಅಂದ್ರ ಬಿಡಾಡಿ ಕ್ವಾಣ ಇದ್ದಂಗ. ಬಂತು, ಒದರಿತು, ಬಡಸ್ಕೊಂಡು ಹೋತು. ಅದನ್ನ ಮಾಡಾಕ ನಾ ಸಮುದ್ರಾ ದಾಟಬೇಕೇನು?"

"ಅಲ್ಲಿ ಯಾರನ್ನರ ಹುಡುಕೂಣು" ಎಂದೆ. ಹತ್ತಿ ಹೋಗುವ ವಿಮಾನ ನನಗೆ ಮುಖ್ಯವಾಗಿತ್ತು.

"ಹುಡುಕ್ರಿ. ಸಿಕ್ರ ಗೆಜ್ಜಿ ಕಟ್ಟತೇನಿ. ಸಿಗಲಿಲ್ಲಂದ್ರ ರೊಟ್ಟಿ ತಿಂದು ತಿರುಗಿ ಬರ್ತೇನಿ. ಈಗ ಹೇಳೇನಿ, ಆಮ್ಯಾಲ ನನ್ನ ಮ್ಯಾಲ ಬರಬ್ಯಾಡ್ರಿ."

ರಸೂಲಸಾಬ ತನ್ನ ಮುಖವೀಣೆಯನ್ನು ಅಂಗಿಯೊಳಗೆ ತುರುಕಿಕೊಂಡು, "ಗೌಡ್ರ, ಮೊದಲ ಒಳಗ ನಡೀರಿ. ಆ ಬಾಯಿ ಕೈ ಮಾಡಾಕತ್ತಾಳ" ಎಂದು ವಿಮಾನದ ಕಡೆಯ ಬಾಗಿಲಲ್ಲಿ ನಿಂತ ಹೆಣ್ಣುಮಗಳನ್ನು ತೋರಿಸಿದ. ಗೌಡರು ಎದ್ದರು. ಕೊಟ್ಟ ವೇಳೆಗೆ ರಂಗಕ್ಕೆ ಬಾರದ ತಂಡದ ನಾಯಕ ಎನಿಸಿಕೊಳ್ಳುವ ಭಯವೊಂದನ್ನು ಎದೆಯಲ್ಲಿಟ್ಟುಕೊಂಡು ನಾನು ಹಿಂದೆ ನಡೆದೆ.

ವಿಯೆನ್ನಾ

ವಿಮಾನ ನಿಲ್ದಾಣದಲ್ಲಿ ಗಾಜಿನ ಗೂಡಿನೊಳಗೆ ಕುಳಿತ ಅಧಿಕಾರಿ ಪಾಸ್‌ಪೋರ್ಟ್ ನೋಡಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದ. ಮೂವರ ಪರವಾಗಿ ನಾನೇ ಉತ್ತರ ಕೊಡುವುದೆಂದು ವಿಮಾನದಲ್ಲಿಯೇ ಆಜ್ಞೆ ಮಾಡಿದ್ದೆ. ಗೌಡರು ಮುಂದೆ ಹೋಗಿ ನಿಂತುಬಿಟ್ಟರು.

"ಏನ ಕೇಳಾಕತ್ತಾನ್ರಿ ಮಾಸ್ತರ?"

"ಹೆಸರು ಕೇಳಾಕತ್ತಾನ. ಎಲ್ಲಿಂದ ಬಂದ್ರಿ, ಯಾಕ ಬಂದ್ರಿ ಅಂತಾನ."

ಗೌಡರ ಮುಖ ಅರಳಿತು. ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡು ಹೆಸರು, ತಂದೆಯ ಹೆಸರು, ಊರು, ಊರಿನ ಪಕ್ಕದ ಹಳ್ಳ, ಹಳ್ಳದ ಆಚೆಯ ಬೀಗರ ಊರು, ಸಿಂದಗಿಯಿಂದ ಬಿಜಾಪುರಕ್ಕೆ ಬರುವ ದಾರಿ, ಗುರಪ್ಪನ ಬಾವು, ಎಲ್ಲ ಹೇಳಿದರು. ಹಿಂದಿನ ಸಾಲು ಬೆಳೆಯಿತು. ಆ ಅಧಿಕಾರಿ ಗದ್ದಕ್ಕೆ ಕೈಕೊಟ್ಟು ಒಂದಕ್ಷರವೂ ತಿಳಿಯದೆ ಕೊನೆಯವರೆಗೆ ಕೇಳಿ ಮುದ್ರೆ ಒತ್ತಿದ.

"ಛಲೋ ಮನುಷ್ಯಾ" ಎಂದರು ಗೌಡರು. "ಕೇಳಿದ, ಪೂರಾ ಕೇಳಿದ. ಇವನ್ನ ಕರಕೊಂಡು ಹೋಗೂಣೇನ್ರಿ?"

"ಅವ ಸರಕಾರಿ ನೌಕರ."

"ರಜಾ ಹಾಕಲಿ. ನೀವು ಹಾಕಿಲ್ಲೇನು?"

"ನನ್ನ ಸರ್ವೀಸಿನ್ಯಾಗ ಒಂದ ದಿನಾನೂ ಇಲ್ಲ" ಎಂದೆ. ಅಲ್ಲಿಗೆ ಮಾತು ಮುಗಿಯಿತು.

ರೋಸಾಬಾಯಿಯ ಮನೆ

ಮೇಳದ ವ್ಯವಸ್ಥೆ ನೋಡುವ ಪೀಟರ್ ಎಂಬ ಗಡ್ಡದ ತರುಣ ನಮ್ಮನ್ನು ರೈಲಿನಿಂದ ಇಳಿಸಿಕೊಂಡು ಬೆಟ್ಟದ ಊರಿಗೆ ಕರೆದೊಯ್ದ. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದ. ಊರೆಲ್ಲ ಹಿಮ. ರಸೂಲಸಾಬ ಅದನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿ, "ರುಚಿ ಇಲ್ರಿ" ಎಂದು ಉಗುಳಿದ.

ನಮ್ಮ ಬಿಡಾರ ರೋಸಾ ಎಂಬ ಮುದುಕಿಯ ಮನೆಯಲ್ಲಿ. ನಾವು ರೋಸಾಬಾಯಿ ಎಂದೆವು. ಆಕೆಗೆ ತನ್ನ ಭಾಷೆ ಬಿಟ್ಟು ಬೇರೆ ಬಾರದು. ಬಾಗಿಲಲ್ಲಿ ಬೂಟು ಬಿಡಬೇಕು, ಉಣ್ಣೆಯ ಚಪ್ಪಲಿ ಮೆಟ್ಟಬೇಕು, ಮೆಟ್ಟಿಲು ಹತ್ತುವಾಗ ಗೋಡೆ ಮುಟ್ಟಬಾರದು. ಇಂಥ ಮನೆಯನ್ನು ನಾನು ಹುಟ್ಟಿದಾಗಿನಿಂದ ಹುಡುಕುತ್ತಿದ್ದೆ. ಗೌಡರ ಪಾದಕ್ಕೆ ಸರಿಹೊಂದುವ ಚಪ್ಪಲಿ ಆ ದೇಶದಲ್ಲಿಯೇ ಇರಲಿಲ್ಲ. ಹೆಬ್ಬೆರಳಿಗೆ ಮಾತ್ರ ಸಿಕ್ಕಿಸಿಕೊಂಡು ನಡೆಯುತ್ತಿದ್ದರು.

ಸಂಜೆ ಹೊರಗಿನಿಂದ ಬಂದಾಗ ರೋಸಾಬಾಯಿ ಬಾಗಿಲಿಗೆ ಅಡ್ಡನಿಂತು ಗೌಡರನ್ನು ಏನೇನೋ ಕೇಳುವಳು. ಗೌಡರು ಕನ್ನಡದಲ್ಲಿ ಸಾವಕಾಶ ಉತ್ತರ ಕೊಡುವರು. ಆಕೆ ತಲೆ ಅಲ್ಲಾಡಿಸಿ ಇನ್ನೊಂದು ಕೇಳುವಳು. ಇಬ್ಬರಿಗೂ ಏನೂ ತಿಳಿಯುತ್ತಿರಲಿಲ್ಲ. ಇಬ್ಬರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ನಾನು ಹೊಸ್ತಿಲಾಚೆ ಚಳಿಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ನನ್ನನ್ನು ಆಕೆ ಏನೂ ಕೇಳುತ್ತಿರಲಿಲ್ಲ. ಬೂಟು ನೆಟ್ಟಗೆ ಇಟ್ಟಿದ್ದೇನೆಂದು ನೋಡಿ ಒಳಗೆ ಬಿಡುತ್ತಿದ್ದಳು.

ಮೊದಲ ದಿನ ಮೇಳದವರು ಊಟ ಹಾಕಿದರು. ಭಾರತದ ರಾಕ್ಷಸ ಬರುತ್ತಾನೆಂದು ಒಂದು ಇಡೀ ಹಂದಿಯನ್ನು ಸುಟ್ಟು, ಬಾಯಿಗೆ ಸೇಬು ಕೊಟ್ಟು, ಗೌಡರ ಮುಂದೆಯೇ ತಂದಿಟ್ಟರು. ಬೆಳಿಗ್ಗೆ ಲಿಂಗಪೂಜೆಯಾಗದೆ ನೀರನ್ನೂ ಮುಟ್ಟದ ಮನುಷ್ಯ. ಗೌಡರು ಆ ಹಂದಿಯ ಕಣ್ಣು ನೋಡಿದರು, ನನ್ನನ್ನು ನೋಡಿದರು, ಕುರ್ಚಿಯಿಂದ ಸಾವಕಾಶ ಎದ್ದು ರಸೂಲಸಾಬನ ಬೆನ್ನ ಹಿಂದೆ ಹೋಗಿ ನಿಂತರು.

"ನನ್ನ ಹಿಂದ ಯಾಕ ಬಂದ್ರಿ? ನಾನೂ ಅದನ್ನ ತಿನ್ನಾಂವಲ್ಲ" ಎಂದ ರಸೂಲಸಾಬ.

"ನಿಮ್ಮ ರಾಕ್ಷಸ ಏನು ತಿನ್ನುತ್ತಾನೆ?" ಎಂದು ಪೀಟರ್ ಗಾಬರಿಯಿಂದ ನನ್ನನ್ನು ಕೇಳಿದ. ಮೊಸರು ಎಂದೆ. ಮೊಸರು ಬಂತು. ಗೌಡರು ರೊಟ್ಟಿ ಮುರಿದು ಅದ್ದಿ ತಿಂದು, "ಕೊಲ್ಹಾರದ ಮೊಸರಿನ ಗಡಿಗಿ ಬೋರಲ ಹಾಕಿದ್ರೂ ಬೀಳೂದಿಲ್ಲ. ಇದನ್ನ ಕುಡೀಬೇಕಾಗೈತಿ" ಎಂದು ತೀರ್ಪು ಕೊಟ್ಟರು.

ಸಿನೆಮಾ ಮಂದಿರ

ಮರುದಿನ ಒಂದು ಹಳೆಯ ಕಪ್ಪು ಬಿಳುಪು ಸಿನೆಮಾ ತೋರಿಸಿದರು. ಅದರಲ್ಲಿ ಮಾತು ಕಡಿಮೆ; ಇದ್ದಷ್ಟನ್ನು ಪೀಟರ್ ನನಗೂ ನಾನು ಗೌಡರಿಗೂ ಹೇಳುತ್ತಿದ್ದೆವು. ಉಪ್ಪಿನ ಗಣಿಯ ಆಳದಿಂದ ಒಬ್ಬ ಎದ್ದು ಬರುತ್ತಾನೆ. ತಾಳೆಮರದ ಎತ್ತರ, ಮೈಯೆಲ್ಲ ಉಪ್ಪುಗಟ್ಟಿದೆ. ಊರಿಗೆ ಬಂದು ಬ್ರೆಡ್ಡಿನ ಅಂಗಡಿಯ ಮುಂದೆ ನಿಲ್ಲುತ್ತಾನೆ. ಮಂದಿ ಚೀರಿ ಬಾಗಿಲು ಹಾಕಿಕೊಳ್ಳುತ್ತಾರೆ. ಅಷ್ಟರಲ್ಲಿ ಮಳೆ ಬರುತ್ತದೆ.

ಗೌಡರು ಕುರ್ಚಿಯ ತುದಿಗೆ ಬಂದಿದ್ದರು. "ಉಪ್ಪಿನ ಮನುಷ್ಯಾ ಅಂದ್ರಲ್ರಿ? ಮತ್ತ ಮಳಿ ಬರಾಕತ್ತೈತಲ್ಲ."

"ಸುಮ್ನ ಕೂಡ್ರಿ."

"ಕರಗಾಕತ್ತಾನ್ರಿ."

ನಿಜವಾಗಿಯೂ ಅವನು ಕರಗುತ್ತಿದ್ದ. ಮೊದಲು ಕಿವಿ ಹೋಯಿತು. ಊರಿನವರು ಗಂಟೆ ಬಾರಿಸಿ, ಬಡಿಗೆ ಹಿಡಿದು ಸೇರಿದರು. ಅವನು ಎರಡೂ ಕೈ ಚಾಚಿ ಏನೋ ಹೇಳಲು ಬಾಯಿ ತೆರೆದ. ಗೌಡರು ಎದ್ದು ನಿಂತರು. ಆ ಧ್ವನಿ ಬಯಲಿನಲ್ಲಿ ಮೂರು ಊರಿಗೆ ಕೇಳಿಸುವಂಥದು. ಮುಚ್ಚಿದ ಮಂದಿರದಲ್ಲಿ ಏನಾಗಿರಬೇಕೆಂದು ಓದುಗರು ಊಹಿಸಿಕೊಳ್ಳಬೇಕು.

"ಏ ತಮ್ಮಾ, ಬಾಗಲಾ ತಗಿಯೋ. ಬಂದಾಂವನ ಹೆಸರರ ಕೇಳ್ರೋ. ಇಷ್ಟ ಮಂದಿ ಅದೀರಿ, ಒಬ್ಬರಿಗರ ಬಾಯಿ ಇಲ್ಲೇನು?"

ಮುಂದಿನ ಸಾಲಿನ ಹೆಂಗಸು ಬೆಚ್ಚಿ ಪಕ್ಕದವನ ಟೊಪ್ಪಿಗೆ ಹಿಡಿದುಕೊಂಡಳು. ಬ್ಯಾಟರಿ ಹಿಡಿದ ಕಾವಲುಗಾರ ಬಂದ. ಗೌಡರು ಅವನ ಕೈ ಹಿಡಿದು, "ನೀನರ ಹೋಗಿ ಹೇಳಪಾ" ಎಂದು ತೆರೆಯ ಕಡೆ ತೋರಿಸಿದರು. ಅಷ್ಟರಲ್ಲಿ ಉಪ್ಪಿನವನನ್ನು ಅಟ್ಟಿಸಿಕೊಂಡು ಹೋಗಿ ಹೊಳೆಗೆ ದಬ್ಬಿದ್ದರು. ನೀರು ಮಾತ್ರ ಉಳಿಯಿತು. ದೀಪ ಹತ್ತಿದಾಗ ಗೌಡರ ಕಣ್ಣಲ್ಲಿ ನೀರಿತ್ತು. ನಾನು ಬೇರೆ ಕಡೆ ನೋಡಿದೆ.

ಆಮೇಲೆ ಒಬ್ಬ ಪ್ರೊಫೆಸರರು ಮಾತಾಡಿದರು. ಹೆಸರಿಲ್ಲದಿರುವುದೇ ರಾಕ್ಷಸನ ಲಕ್ಷಣ, ಹೊರಗಿನವನ ಬಗೆಗಿನ ಭಯಕ್ಕೆ ಅದೇ ಮೂಲ ಎಂದರು. ಗೌಡರು ನನ್ನ ಮೊಣಕೈ ತಿವಿದರು. "ಹೆಸರಿಲ್ಲ ಅಂತ ಹೆಂಗ ಗೊತ್ತಾತಂತ ಕೇಳ್ರಿ. ಯಾರೂ ಕೇಳೇ ಇಲ್ಲಲ್ಲ?" ನಾನು ಇಂಗ್ಲಿಷಿನಲ್ಲಿ ಕೇಳಿದೆ. ಪ್ರೊಫೆಸರರು ಇದು ಬಹಳ ಮಹತ್ವದ ಪ್ರಶ್ನೆ, ಕಾಫಿಯ ನಂತರ ನೋಡೋಣ ಎಂದರು. ಕಾಫಿಯ ನಂತರ ಅವರು ಕಾಣಲಿಲ್ಲ.

"ನಾಳೆ ಸಾರಥಿ ಇಲ್ಲಂದ್ರ ನಾನೂ ಆ ಉಪ್ಪಿನಾಂವನ ಗತಿನ" ಎಂದರು ಗೌಡರು. ಅಂದು ಅವರು ರೊಟ್ಟಿ ಮುಟ್ಟಲಿಲ್ಲ. ಚೀಲ ಹಾಗೆಯೇ ಇದ್ದದ್ದು ನೋಡಿ ನನಗೆ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ತಿಳಿಯಿತು.

ಮುಖವಾಡದವರ ಕೊಟ್ಟಿಗೆ

ಪೀಟರನಿಗೆ ನಮ್ಮ ಕಷ್ಟ ವಿವರಿಸಿದೆ. ಅವನು ಹುರುಪಾದ. ಆ ಊರಿನಲ್ಲಿಯೂ ರಾಕ್ಷಸರಿದ್ದಾರಂತೆ. ಪ್ರತಿ ಚಳಿಗಾಲ ಗಂಡಸರು ಕೊಂಬಿನ ಮುಖವಾಡ ಹಾಕಿ, ತೊಗಲು ಹೊದ್ದು, ಸೊಂಟಕ್ಕೆ ದನದ ಗಂಟೆ ಕಟ್ಟಿ ಓಣಿ ಓಣಿ ತಿರುಗುತ್ತಾರೆ. ಅವರಲ್ಲಿ ಒಬ್ಬರು ಸಾರಥಿಯಾಗಬಹುದಲ್ಲ ಎಂದು ನಮ್ಮನ್ನು ಒಂದು ಕೊಟ್ಟಿಗೆಗೆ ಕರೆದೊಯ್ದ.

ಒಳಗೆ ಏಳೆಂಟು ಜನ ವೇಷ ತೊಟ್ಟು ನಿಂತಿದ್ದರು. ಸಾಲು ವಕ್ರವಾಗಿತ್ತು. ನಾನು ತಡೆದುಕೊಂಡೆ. ಗೌಡರು ಮಾತ್ರ ಬೀಗರ ಮನೆಗೆ ಬಂದವರಂತೆ ಸಂತೋಷಗೊಂಡು ಮೊದಲನೆಯವನ ಮುಂದೆ ಕೈಮುಗಿದರು. "ನಮಸ್ಕಾರ್ರಿ. ನಾನು ಧೂಮಕಂಠಾಸುರ, ಅಗ್ನಿಪುರದಾಂವ. ತಾವು ಯಾರು?"

ನಾನು ಪೀಟರನಿಗೆ ಹೇಳಿದೆ, ಅವನು ಅವರಿಗೆ ಹೇಳಿದ. ಕೊಂಬು ಅತ್ತಿತ್ತ ಆಡಿತು, ಗಂಟೆ ಗಣಗಣ ಎಂದಿತು.

"ನಾಚಬ್ಯಾಡ್ರಿ. ಊರಿನ ಹೆಸರರ ಹೇಳ್ರಿ." ಎರಡನೆಯವನ ಹತ್ತಿರ ಹೋದರು, ಮೂರನೆಯವನ ಹತ್ತಿರ ಹೋದರು. ಕೇಳುವುದೇ ಮರ್ಯಾದೆ, ಕೇಳದೆ ದಾಟುವುದು ಅವಮಾನ ಎಂದು ಬೆಳೆದವರು ಗೌಡರು. ಯಾರನ್ನೂ ಬಿಡಲಿಲ್ಲ. ಅವರು ಹಿಂದೆ ಸರಿದಷ್ಟೂ ಇವರು ಮುಂದೆ ಹೋದರು. ಗಂಟೆಗಳ ಸದ್ದು ಜೋರಾಯಿತು. ಕೊನೆಗೆ ಎಲ್ಲ ಮುಖವಾಡದವರೂ ಹಿಂಬಾಗಿಲಿನಿಂದ ಹೊರಗೆ ಹೋಗಿಬಿಟ್ಟರು.

ಪೀಟರ್ ತಲೆಗೆ ಕೈಯಿಟ್ಟುಕೊಂಡ. ಮುಖವಾಡ ಹಾಕಿದವನು ಮಾತಾಡುವಂತಿಲ್ಲ, ಅವನ ಹೆಸರನ್ನು ಯಾರೂ ಕೇಳುವಂತಿಲ್ಲ. ಕೇಳಿ ಹೇಳಿಸಿದರೆ ಅವನಿಗೆ ವರ್ಷವಿಡೀ ಕೆಡುಕು. ಇದನ್ನು ಹೇಳಲು ತನಗೆ ಮರೆತುಹೋಗಿತ್ತು ಎಂದ. ಹಾಗಾದರೆ ಅವರಲ್ಲೊಬ್ಬ ಸಾರಥಿಯಾಗುವುದು ಹೇಗೆ ಎಂದೆ. ಅದೂ ತನಗೆ ಹೊಳೆದಿರಲಿಲ್ಲ ಎಂದ. ಆ ತರುಣನಿಗೆ ಎರಡು ತಿಂಗಳ ಕವಾಯತು ಬೇಕಿತ್ತು.

ಗೌಡರಿಗೆ ತಿಳಿಸಿದೆ.

"ಹೆಸರ ಹೇಳದ ರಾಕ್ಷಸರು" ಎಂದರು. "ಮನಿಯಾಗ ಅವ್ವ ಏನಂತ ಊಟಕ್ಕ ಕರೀತಾಳ್ರಿ?"

"ಮುಖವಾಡ ತಗದ ಮ್ಯಾಲ ಕರೀತಾಳ."

"ಪಾಪ, ಆತನಕ ಉಪವಾಸ."

ಹೊರಗೆ ಮುಖವಾಡದವರು ಹಿಮದಲ್ಲಿ ಗುಂಪಾಗಿ ನಿಂತಿದ್ದರು. ಅವರಲ್ಲೊಬ್ಬ ಎಡಗಾಲು ಎಳೆದು ನಡೆಯುತ್ತಿದ್ದ. ಬೆಳಿಗ್ಗೆ ರೋಸಾಬಾಯಿಗೆ ಟಪಾಲು ತಂದುಕೊಟ್ಟವನದೂ ಅದೇ ನಡಿಗೆ. ನಡಿಗೆಯಿಂದ ಆಳನ್ನು ಗುರುತಿಸುವುದು ನನ್ನ ವೃತ್ತಿ. ಹೆಸರು ಗೊತ್ತಿರಲಿಲ್ಲವಾದ್ದರಿಂದ ಅವನಿಗೆ ಕೆಡುಕಾಗಲಿಲ್ಲ.

ಉಳಿದವನು ನಾನೊಬ್ಬನೇ. ಆ ಸಂಜೆ ಗೌಡರು ನನಗೆ ಸಾರಥಿಯ ಮಾತು ಹೇಳಿಕೊಟ್ಟರು. ಬಾಯಿಪಾಠ ಮಾಡಿ ಒಪ್ಪಿಸಿದೆ: "ಎಲೈ ಮಹಾವೀರರೇ, ತಾವು ಯಾರು, ತಮ್ಮ ಪಟ್ಟಣ ಯಾವುದು, ಈ ರಂಗಸ್ಥಳಕ್ಕೆ ಬಂದ ಕಾರಣವೇನು."

"ಮಾಸ್ತರ" ಎಂದರು ಗೌಡರು, "ಸಾಲಿ ತಪ್ಪಿಸಿದ ಹುಡುಗನ್ನ ಹಿಡದು ಕೇಳಿದಂಗಾತು. ಸ್ವಲ್ಪ ಪ್ರೀತಿಲೆ ಕೇಳ್ರಿ."

ಮತ್ತೆ ಕೇಳಿದೆ. ರಸೂಲಸಾಬ ಹೊದಿಕೆಯೊಳಗೆ ಮುಖ ಮುಚ್ಚಿಕೊಂಡು ನಗತೊಡಗಿದ.

"ಇರಲಿ ಬಿಡ್ರಿ" ಎಂದರು ಗೌಡರು. "ಕೇಳಲಾರದ್ದಕ್ಕಿಂತ ಬೈದು ಕೇಳೂದು ಛಲೋ."

ರಂಗ

ಆಟ ಮಧ್ಯಾಹ್ನ ಮೂರಕ್ಕೆ. ಅಲ್ಲಿಯ ರಂಗಕ್ಕೆ ಮಖಮಲ್ಲಿನ ಪರದೆಯಿತ್ತು, ಗುಂಡಿ ಒತ್ತಿದರೆ ತಾನೇ ಸರಿಯುತ್ತಿತ್ತು. ಅದು ನಮಗೆ ಉಪಯೋಗವಿಲ್ಲ. ಕೈಯಲ್ಲಿ ಹಿಡಿಯುವ ಪರದೆ ಗುರಪ್ಪನ ಗಂಟಿನಲ್ಲಿ ಮುಂಬಯಿಯಲ್ಲಿಯೇ ಉಳಿದಿತ್ತು. ಪೀಟರ್ ಓಡಿಹೋಗಿ ರೋಸಾಬಾಯಿಯ ಊಟದ ಮೇಜಿನ ಬಿಳಿಯ ಬಟ್ಟೆ ಕೇಳಿದ. ಬಟ್ಟೆಯ ಜೊತೆಗೆ ರೋಸಾಬಾಯಿಯೂ ಬಂದಳು. ಬೇರೆಯವರ ಕೈಗೆ ಕೊಡಲಾರೆ, ಒಂದು ತುದಿ ತಾನೇ ಹಿಡಿಯುತ್ತೇನೆ ಎಂದಳಂತೆ. ಇನ್ನೊಂದು ತುದಿ ನಾನು ಹಿಡಿದೆ. ಪೀಟರ್ ನನ್ನ ಬೆನ್ನ ಹಿಂದೆ ನಿಂತ.

ರಸೂಲಸಾಬ ಮುಖವೀಣೆ ಊದಿದ. ಬಟ್ಟೆಯ ಹಿಂದೆ ಗೌಡರು ಕುಣಿದರು. ಹಲಗೆ ನಡುಗಿತು. ಸಭೆ ತುಂಬಿತ್ತು, ಹಿಂದಿನ ಗೋಡೆಗೆ ಮುಖವಾಡದವರೂ ಸಾಲಾಗಿ ನಿಂತಿದ್ದರು. ಮುಖವೀಣೆ ನಿಂತಿತು. ನಾನು ಕೇಳಬೇಕಾದ ಹೊತ್ತು.

ಬಾಯಿ ತೆರೆದೆ. ಸದ್ದು ಬರಲಿಲ್ಲ.

ಸಾವಿರ ಹುಡುಗರ ಮುಂದೆ ನಿಂತವನು ನಾನು. ಆದರೆ ಆ ಹುಡುಗರು ನಾನು ಹೇಳಿದ್ದಕ್ಕೆ ನಿಂತಿರುತ್ತಿದ್ದರು. ಇವರು ತಾವಾಗಿ ಬಂದು ಕುಳಿತಿದ್ದರು, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಎಲೈ" ಎಂಬುದರ ಮುಂದೆ ಏನಿದೆ ಎಂಬುದೇ ಹೋಯಿತು. "ಎಲೈ" ಎಂಬುದೂ ಹೋಯಿತು.

"ಕೇಳ್ರಿ" ಎಂದು ಬಟ್ಟೆಯ ಹಿಂದಿನಿಂದ ಪಿಸುದನಿ ಬಂತು.

ರಸೂಲಸಾಬ ಇನ್ನೊಮ್ಮೆ ಊದಿದ. ಗೌಡರು ಇನ್ನೊಮ್ಮೆ ಕುಣಿದರು. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಮಾಸ್ತರ, ಕೇಳ್ರಿ. ಕಾಲ ಬೀಳತಾವು."

ಮೂರನೆಯ ಸಲ ಗೆಜ್ಜೆ ನಿಧಾನವಾಯಿತು. ಬಣ್ಣ ಮೆತ್ತಿದ ಎರಡು ದೊಡ್ಡ ಕೈಗಳು ಬಟ್ಟೆಯ ಮೇಲಂಚನ್ನು ಹಿಡಿದುಕೊಂಡವು. ಓರೆಗಣ್ಣಿನಿಂದ ನೋಡಿದೆ. ಕಿರೀಟದ ಕೆಳಗೆ ಗೌಡರ ಮುಖದ ಬಣ್ಣ ಬೆವರಿನಿಂದ ಇಳಿಯುತ್ತಿತ್ತು, ಕಪ್ಪು ಕೆಂಪು ಕೂಡಿ ಗದ್ದಕ್ಕೆ ಬರುತ್ತಿತ್ತು. ಅವರು ಹೊರಗೂ ಬರುವಂತಿಲ್ಲ, ಒಳಗೂ ಹೋಗುವಂತಿಲ್ಲ.

ರೋಸಾಬಾಯಿ ತನ್ನ ಬಿಳಿಯ ಬಟ್ಟೆಯ ಮೇಲೆ ಮೂಡಿದ ಕೆಂಪು ಬೆರಳುಗಳನ್ನು ನೋಡ ಹೋಗಿ, ಬಟ್ಟೆಯ ಮೇಲಿನಿಂದ ಆ ಮುಖವನ್ನು ನೋಡಿದಳು. ತನ್ನ ಮನೆಯ ಬಾಗಿಲಲ್ಲಿ ಕೇಳುವಂತೆಯೇ ಏನೋ ಕೇಳಿದಳು. ಪೀಟರ್ ನನ್ನ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಏನಾಯಿತು ನಿನಗೆ? ಯಾರು ನೀನು, ಇಲ್ಲೇಕೆ ನಿಂತಿದ್ದೀ?"

ಆಮೇಲೆ ಗೌಡರು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು.

"ಭಲೇ ಸಾರಥಿ, ಭಲೇ. ಏಳು ಗುಡ್ಡಗಳ ಆಚೆ, ಉರಿಯ ಕೋಟೆಯ ಈಚೆ, ಅಗ್ನಿಪುರವೆಂಬ ಪಟ್ಟಣಕ್ಕೆ ಒಡೆಯನಾಗಿ, ಉಸಿರು ಬಿಟ್ಟರೆ ಮೋಡ, ಉಸಿರು ಹಿಡಿದರೆ ಕತ್ತಲೆ ಎಂಬಂತೆ ಮೆರೆಯುವ ಧೂಮಕಂಠಾಸುರನೆಂದರೆ ನಾನೇ ಅಲ್ಲವೇನೈ ಸಾರಥಿ."

ಮಂದಿರದ ದೀಪದ ಗಾಜುಗಳು ಕಿಣಿಕಿಣಿ ಎಂದವು.

"ಅಷ್ಟು ಜೋರಾಗಿ ಬೇಡ. ನಾನೇನು ಕಿವುಡಿಯಲ್ಲ" ಎಂದಳು ರೋಸಾಬಾಯಿ. ಸಭೆ ನಕ್ಕಿತು. ಆಕೆ ಸಭೆಯ ಕಡೆ ತಿರುಗಿ ದುರುಗುಟ್ಟಿ ನೋಡಿದಳು. ನಗು ನಿಂತಿತು. ಇಂಥ ಶಿಸ್ತು ತರಲು ನನಗೆ ಸೀಟಿ ಬೇಕಾಗುತ್ತಿತ್ತು.

ಗೌಡರು ಪದ್ಧತಿಯಂತೆ ಮುಂದಿನ ಪ್ರಶ್ನೆಗೆ ಕಾದರು.

"ದೂರದಿಂದ ಬಂದೆಯಾ?"

ಗೌಡರು ಅಗ್ನಿಪುರದ ಕೋಟೆ, ಕೊತ್ತಲ, ಆನೆ, ಕುದುರೆಗಳನ್ನು ವರ್ಣಿಸಿದರು.

"ಬೆಳಿಗ್ಗೆಯಿಂದ ಏನಾದರೂ ತಿಂದಿದ್ದೀಯಾ?"

ಈ ಪ್ರಶ್ನೆ ನಮ್ಮ ಯಾವ ಆಟದಲ್ಲಿಯೂ ಇಲ್ಲ. ಗೌಡರಿಗೆ ಅದು ತಿಳಿಯುವ ಮಾರ್ಗವೂ ಇರಲಿಲ್ಲ. ಆದರೂ ಅವರು ಬಟ್ಟೆಯಿಂದ ಕೈ ತೆಗೆದು, ತುಸು ತಗ್ಗಿದ ದನಿಯಲ್ಲಿ, ಮೂರು ಲೋಕಗಳನ್ನೂ ಗೆದ್ದು ಕಾಲಡಿಯಲ್ಲಿ ಹಾಕಿಕೊಳ್ಳಲು ಬಂದಿರುವುದಾಗಿ ತಿಳಿಸಿದರು.

"ಸರಿ, ಹಾಗಾದರೆ ಬಾ" ಎಂದಳು ರೋಸಾಬಾಯಿ.

ಈಗ ಪರದೆ ಬಿಡಬೇಕು. ಬಿಡುವುದೆಂದರೆ ನೆಲಕ್ಕೆ ಬಿಡುವುದು. ಆಕೆ ಬಿಡಲಿಲ್ಲ. ತನ್ನ ತುದಿ ಹಿಡಿದು ನನ್ನ ಕಡೆ ನಡೆದು ಬಂದಳು. ನಾನೂ ತಿಳಿದು ನಡೆದೆ. ಮೂಲೆಗೆ ಮೂಲೆ ಕೂಡಿಸಿದೆವು, ಮತ್ತೆ ದೂರ ಹೋದೆವು, ಎಳೆದು ಸುಕ್ಕು ತೆಗೆದೆವು, ಮತ್ತೆ ಕೂಡಿದೆವು. ಮೂರು ಲೋಕ ಗೆಲ್ಲಲು ಬಂದ ಧೂಮಕಂಠಾಸುರ ಕೈಕಟ್ಟಿಕೊಂಡು, ನಾವು ಮಡಚಿ ಮುಗಿಸುವವರೆಗೆ ನಿಂತಿದ್ದ.

ಅನಂತರ ಅವನು ಕುಣಿದ. ನಾನು ಆ ಮೊದಲು ಯಾವ ಆಟವನ್ನೂ ಕೊನೆತನಕ ನೋಡಿರಲಿಲ್ಲ, ಹೋಲಿಸಲಾರೆ. ರಸೂಲಸಾಬನ ಕೆನ್ನೆ ಗುರಪ್ಪನ ಕೆನ್ನೆಗಿಂತ ದೊಡ್ಡದಾಗಿತ್ತು. ಹಿಂದಿನ ಗೋಡೆಯ ಮುಖವಾಡದವರು ಮಾತಾಡಲಿಲ್ಲ, ಹೆಸರು ಹೇಳಲಿಲ್ಲ. ಸೊಂಟ ಅಲ್ಲಾಡಿಸಿ ದನದ ಗಂಟೆಯಿಂದ ತಾಳ ಹಾಕಿದರು. ಎಡಗಾಲಿನವನು ಅರ್ಧ ಹೆಜ್ಜೆ ತಡವಾಗಿದ್ದ. ರಾಕ್ಷಸನನ್ನು ಕೊಲ್ಲುವ ವೇಷದವರನ್ನು ನಾವು ಕರೆದುಕೊಂಡು ಹೋಗಿರಲಿಲ್ಲ. ಆದ್ದರಿಂದ ಅವನು ಸಾಯದೆ, ಸಭೆಗೆ ಕೈಮುಗಿದು, ನೀರು ಕುಡಿಯಲು ಒಳಗೆ ಹೋದ.

ಅಡಿಗೆಮನೆ

ಮನೆಗೆ ಬಂದು ಬೂಟು ಬಿಟ್ಟೆವು. ಗೌಡರು ಕಿವಿಯ ಹಿಂದಿನ ಬಣ್ಣವನ್ನೂ ತೊಳೆಯದೆ ರೊಟ್ಟಿ ಮೊಸರಿನ ಮುಂದೆ ಕುಳಿತು ರಸೂಲಸಾಬನಿಗೆ ಹೇಳುತ್ತಿದ್ದರು: "ಗುರಪ್ಪ ಕೇಳ್ತಾನ, ಆದ್ರ ಉತ್ತರಾ ಅವಗ ಮೊದಲ ಗೊತ್ತಿರ್ತೈತಿ. ಈ ಬಾಯಿ ಖರೇನ ಕೇಳಿದ್ಳೋ."

"ಮಾಸ್ತರೂ ಖರೇನ ಕೇಳಲಿಲ್ರಿ" ಎಂದ ರಸೂಲಸಾಬ.

ನನಗೆ ಕೇಳಿಸಲಿಲ್ಲ ಎಂಬಂತೆ ಇದ್ದೆ. ರೋಸಾಬಾಯಿ ಮತ್ತು ನಾನು ತೊಟ್ಟಿಯ ಹತ್ತಿರ ನಿಂತು ಮೇಜಿನ ಬಟ್ಟೆಯ ಬೆರಳ ಗುರುತುಗಳಿಗೆ ಸಾಬೂನು ಹಚ್ಚುತ್ತಿದ್ದೆವು. ಎಣ್ಣೆ ಕೂಡಿಸಿದ ಬಣ್ಣ, ಬೇಗ ಬಿಡುವಂಥದಲ್ಲ. ತಿಕ್ಕುತ್ತ ತಿಕ್ಕುತ್ತ ಆಕೆ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ನನ್ನ ಎದೆಗೆ ಒದ್ದೆ ಬೆರಳು ತೋರಿಸಿ ಏನೋ ಕೇಳಿದಳು. ತರ್ಜುಮೆ ಬೇಕಾಗಲಿಲ್ಲ.

ಜೀವಮಾನವಿಡೀ ಹಾಜರಿ ಕೂಗಿದವನು ನಾನು. ನನ್ನ ಹೆಸರನ್ನು ನಾನು ಎಂದೂ ಕೂಗಿರಲಿಲ್ಲ. ಶಿವಪುತ್ರಪ್ಪ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆಕೆ ತಲೆ ಅಲ್ಲಾಡಿಸಿ ಕಾದಳು. ಇಂಡಿ ಎಂದೆ. ಇಂಡಿಯ ಲಿಂಬೆ ತೋಟ, ಝಳಕಿಯಿಂದ ಒಳಗೆ ಬರುವ ದಾರಿ, ನಮ್ಮ ಸಾಲೆಯ ಕಲ್ಲು ಆರಿಸಿ ಆರಿಸಿ ಸಮ ಮಾಡಿದ ಮೈದಾನ, ಅದರಲ್ಲಿ ಓಡಿದ ಹುಡುಗರು, ಎಲ್ಲ ಕನ್ನಡದಲ್ಲಿಯೇ ಹೇಳಿದೆ. ತೊಟ್ಟಿಯ ಬಿಸಿನೀರು ಆರಿಹೋಯಿತು. ಆಕೆ ಪೂರಾ ಕೇಳಿ, ಬಿಸಿನೀರು ಬದಲಿಸಿದಳು.

ಗುರುತು ಹೋಯಿತು. ಇಬ್ಬರೂ ಎರಡು ತುದಿ ಹಿಡಿದು ಹಿಂಡಿದೆವು. ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆ ಹರವಿದೆವು. ಆಕೆಯ ಕಡೆಯ ಅಂಚು ಒಂದು ಬೆರಳು ಇಳಿದಿತ್ತು. ನಾನು ಹೋಗಿ ಸರಿಪಡಿಸಿದೆ. ಆಕೆ ನನ್ನ ಕಡೆಗೆ ಹೋಗಿ ನನ್ನದನ್ನು ಸರಿಪಡಿಸಿದಳು. ದೂರ ನಿಂತು ನೋಡಿದೆವು. ನೆಟ್ಟಗಿತ್ತು.